ರಸಮಂಜರಿಯ ಗಿಟಾರಿಗೆ ಮನೆಯಲ್ಲೇ ಟೋನ್ ಕಂಟ್ರೋಲ್

ಶೇಂದ್ರಾ, ಛತ್ರಪತಿ ಸಂಭಾಜಿನಗರ: ನವೆಂಬರ್ ಸಮೀಪಿಸಿತೆಂದರೆ ಹೊರನಾಡ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವದ ರಸಮಂಜರಿಗೆ ತಾಲೀಮು ಆರಂಭ. ಮನೆಯಲ್ಲಿ ಚೆನ್ನಾಗಿಯೇ ಕೇಳುವ ಎಲೆಕ್ಟ್ರಿಕ್ ಗಿಟಾರ್, ಸಭಾಗೃಹದ ಉದ್ದನೆಯ ಕೇಬಲಿಗೆ ಜೋಡಿಸಿದೊಡನೆ ಮಂಕಾಗಿಬಿಡುತ್ತದೆ. ಹೊಸದನ್ನು ಕೊಳ್ಳಬೇಕೆಂಬ ಮಾತು ಆಗಲೇ ಏಳುವುದು. ಆದರೆ 2001ರಲ್ಲಿ ಸ್ಕೋಡಾ ಕಾರು ಘಟಕ ಆರಂಭವಾದ ಶೇಂದ್ರಾ ಎಂಐಡಿಸಿಯಂಥ ಕಡೆ ಸೋಲ್ಡರಿಂಗ್ ಬಲ್ಲ ಕೈಗಳಿಗೇನು ಬರ?

ದೋಷ ಗಿಟಾರಿನದಲ್ಲ. ತಂತಿಯ ಕೆಳಗಿನ ಪಿಕಪ್‌ನಲ್ಲಿ ಕೂದಲಿಗಿಂತ ತೆಳುವಾದ ತಾಮ್ರದ ತಂತಿ ಸಾವಿರಾರು ಸುತ್ತು ಸುತ್ತಿರುತ್ತದೆ. ಅದರ ದುರ್ಬಲ ಸಂಕೇತದಲ್ಲಿನ ಏರುಸ್ವರಗಳನ್ನು ಉದ್ದ ಕೇಬಲ್ ನುಂಗುತ್ತದೆ. ಗಿಟಾರಿನಲ್ಲಿರುವ ಟೋನ್ ಗುಂಡಿ ಇದಕ್ಕೆ ಮದ್ದಲ್ಲ. ಅದೊಂದು ಪೊಟೆನ್ಶಿಯೋಮೀಟರ್ ಮತ್ತು 0.022 ಅಥವಾ 0.047 ಮೈಕ್ರೋಫ್ಯಾರಡ್ ಕೆಪಾಸಿಟರ್ ಅಷ್ಟೇ. ಏರುಸ್ವರವನ್ನು ಕಳೆಯಬಲ್ಲದು, ಕೂಡಿಸಲಾರದು.

ಕೂಡಿಸಲು ಬ್ಯಾಟರಿ ಬೇಕು. 1976ರ ಮ್ಯೂಸಿಕ್ ಮ್ಯಾನ್ ಸ್ಟಿಂಗ್‌ರೇ ಬೇಸ್ ಗಿಟಾರಿನ ಒಳಗೆ 9 ವೋಲ್ಟಿನ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇತ್ತು. ಮನೆಯಲ್ಲಿ ಮಾಡುವವರಿಗೆ ಟಿಎಲ್072 ಎಂಬ ಒಂದು ಐಸಿ ಸಾಕು. ಅದರ ಒಂದು ಭಾಗ ಪಿಕಪ್‌ನ ಸಂಕೇತಕ್ಕೆ ಬಲ ಕೊಟ್ಟು ಕೇಬಲಿನ ಕಾಟ ತಪ್ಪಿಸುತ್ತದೆ. ಇನ್ನೊಂದು ಭಾಗಕ್ಕೆ ಬ್ರಿಟನ್ನಿನ ಪೀಟರ್ ಬಕ್ಸಾಂಡಾಲ್ 1952ರಲ್ಲಿ ಪ್ರಕಟಿಸಿದ ಮಾದರಿಯ ಬಾಸ್-ಟ್ರೆಬಲ್ ಜೋಡಣೆ. ಬಿಡಿಭಾಗಗಳು ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಯಲ್ಲೋ ಊರಿಗೆ ಹೋದಾಗ ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲೋ ಸಿಗುತ್ತವೆ.

ಸಂಗೀತಗಾರನ ಕೈಗೆ ಸೋಲ್ಡರಿಂಗ್ ಕಡ್ಡಿ ಬರುವುದು ಕನ್ನಡ ನಾಡಿಗೆ ಹೊಸತೇನಲ್ಲ. ಎಚ್‌ಎಎಲ್‌ನಲ್ಲಿ ಎಂಜಿನಿಯರ್ ಆಗಿದ್ದ ಕೊಳಲುವಾದಕ ಜಿ. ರಾಜ್ ನಾರಾಯಣ್ 1970ರ ದಶಕದ ಕೊನೆಯಲ್ಲಿ ಬೆಂಗಳೂರಿನಲ್ಲಿ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಇಂದು ಎಷ್ಟೋ ಕಛೇರಿಗಳಲ್ಲಿ ಶ್ರುತಿ ಹಿಡಿಯುತ್ತಿದೆ.

ಕೆಲಸಕ್ಕೆ ಕೂರುವ ಮುನ್ನ ಹಳೆಯ ವಯರಿಂಗಿನ ಚಿತ್ರ ಬರೆದಿಟ್ಟುಕೊಂಡರೆ ಕೆಟ್ಟರೂ ಹಿಂದಕ್ಕೆ ಬರಬಹುದು. ಜಾಕ್ ಸ್ಟೀರಿಯೋ ಇರಲಿ. ಬ್ಯಾಟರಿಯ ಋಣ ತುದಿಯನ್ನು ಅದರ ನಡುವಿನ ಸಂಪರ್ಕಕ್ಕೆ ಕೊಟ್ಟರೆ ಮಾಮೂಲಿ ಮೋನೋ ಪ್ಲಗ್ ಚುಚ್ಚಿದಾಗ ಮಾತ್ರ ಸರ್ಕ್ಯೂಟ್ ಚಾಲೂ ಆಗುತ್ತದೆ. ಪ್ಲಗ್ ತೆಗೆಯಲು ಮರೆತರೆ ಮರುದಿನದ ಕಾರ್ಯಕ್ರಮಕ್ಕೆ ಬ್ಯಾಟರಿ ಉಳಿಯುವ ಭರವಸೆ ಇಲ್ಲ.

ಬ್ಯಾಟರಿ ದುಬಾರಿಯೆಂದು ಗೋಡೆಯ ಅಡಾಪ್ಟರ್ ಜೋಡಿಸುವವರೂ ಇದ್ದಾರೆ. ಇದು ಸಲ್ಲದು. ಗಿಟಾರಿನ ತಂತಿಗಳು ಕೇಬಲಿನ ಮೂಲಕ ಆಂಪ್ಲಿಫೈಯರಿನ ಅರ್ತಿಂಗ್‌ಗೆ ಸೇರಿರುತ್ತವೆ. ಎಲ್ಲಾದರೂ ಕರೆಂಟ್ ಸೋರಿ ಅರ್ತಿಂಗ್ ಕೈಕೊಟ್ಟರೆ, ಒಂದು ಕೈ ತಂತಿಯ ಮೇಲೆ, ಇನ್ನೊಂದು ಮೈಕಿನ ಮೇಲೆ ಇಟ್ಟವನ ಮೈಯೇ ವಿದ್ಯುತ್ತಿಗೆ ದಾರಿ. ಸ್ಟೋನ್ ದ ಕ್ರೋಸ್ ತಂಡದ ಗಿಟಾರ್ ವಾದಕ ಲೆಸ್ ಹಾರ್ವೆ 1972ರ ಮೇ 3ರಂದು ವೇಲ್ಸಿನ ಸ್ವಾನ್ಸಿಯಲ್ಲಿ ಅರ್ತಿಂಗ್ ಇಲ್ಲದ ಮೈಕ್ ಮುಟ್ಟಿ ವೇದಿಕೆಯಲ್ಲೇ ಪ್ರಾಣ ಬಿಟ್ಟರು. ಬ್ಯಾಟರಿ ಹಾಕಿದ ಮಾತ್ರಕ್ಕೂ ಈ ಅಪಾಯ ತಪ್ಪದು. ಪೆಂಡಾಲಿಗೆ ಜನರೇಟರಿನಿಂದ ಒಂದು, ಪಕ್ಕದ ಕಟ್ಟಡದಿಂದ ಇನ್ನೊಂದು ಎಂದು ಲೈನ್ ಎಳೆಯುವ ಸಂಘಟಕರು ಗಮನಿಸಬೇಕು. ಮೈಕ್ ಮತ್ತು ಗಿಟಾರ್ ಒಂದೇ ಅರ್ತಿಂಗ್ ಇರುವ ಬೋರ್ಡಿಗೆ ಬರಲಿ. ಪರದೆ ಏಳುವ ಮುನ್ನ ಮಲ್ಟಿಮೀಟರನ್ನು ಎಸಿ ವೋಲ್ಟಿಗಿಟ್ಟು ಒಂದು ಕಡ್ಡಿ ಗಿಟಾರಿನ ತಂತಿಗೆ, ಮತ್ತೊಂದು ಮೈಕಿನ ಜಾಲರಿಗೆ ಮುಟ್ಟಿಸಿ ನೋಡುವುದು ಒಂದು ನಿಮಿಷದ ಕೆಲಸ. ಮುಳ್ಳು ಎದ್ದರೆ ಎಲೆಕ್ಟ್ರೀಷಿಯನ್ ಬರುವವರೆಗೆ ಗಿಟಾರ್ ಪೆಟ್ಟಿಗೆಯಲ್ಲೇ ಇರಲಿ.