ಕ್ಲಚ್ ಪೆಡಲ್‌ಗೆ ಒಂದಿಂಚು ಜಾಗ ಬಿಡಿ

ಹಳೇ ಪೆಟ್ರೋಲ್ ಜೀಪಿಗೆ ಡೀಸೆಲ್ ಇಂಜಿನ್ ಕೂರಿಸೋದು ನಮ್ಮ ಹಾರೋಹಳ್ಳಿ ಕಡೆಗೆ ಹೊಸದೇನಲ್ಲ. ಮಹೀಂದ್ರದ ಸಿ.ಜೆ. 3ಬಿ ಜೀಪು ಗಟ್ಟಿ ಗಾಡಿ. ಆದರೆ ಅದರ 2.2 ಲೀಟರ್ ಪೆಟ್ರೋಲ್ ಇಂಜಿನ್ ಸಾಕೋದು ಮಳೆ ನಂಬಿದ ರೈತನಿಗೆ ಆಗದ ಮಾತು. ಹಾಗಾಗಿ ಗುಜರಿಗೆ ಬಂದ ಎಂ.ಎಂ. 540 ಜೀಪಿನಿಂದ 2,112 ಸಿ.ಸಿ.ಯ ಪ್ಯೂಜೊ ಡೀಸೆಲ್ ಇಂಜಿನ್ ತೆಗೆದು ಹಾಕಿಸಿದವರು ಇದ್ದಾರೆ. 2011ರಲ್ಲಿ ನಾನೂ ಹಾಕಿಸಿದೆ. ಇಂಜಿನ್ ಚೆನ್ನಾಗೇ ಓಡಿತು. ನನಗೆ ಪೆಟ್ಟು ಕೊಟ್ಟದ್ದು ಕ್ಲಚ್ ಪೆಡಲ್ಲು.

ಗ್ಯಾರೇಜಿನಿಂದ ಗಾಡಿ ತರುವಾಗ ಪೆಡಲ್ ಮುಟ್ಟಿದ ಕೂಡಲೇ ಬಿಗಿ ಸಿಗುತ್ತಿತ್ತು. ಮೊದಲು ಒಂದಿಂಚು ಸುಮ್ಮನೆ ಕೆಳಗೆ ಹೋಗಿ ಆಮೇಲೆ ಬಿಗಿಯಾಗುತ್ತಿತ್ತು. ‘ಸಡಿಲ ಹೋಯ್ತು, ಒಳ್ಳೇದೇ ಆಯ್ತು’ ಅಂದುಕೊಂಡೆ. ಅದೇ ನನ್ನ ತಪ್ಪು.

ಏರಿನಲ್ಲಿ ನಿಂತ ಗಾಡಿ

ಒಂದು ತಿಂಗಳು ಕಳೆದಿರಬೇಕು. ಮೇ ತಿಂಗಳು, ಬಾದಾಮಿ ಮಾವಿನ ಕಾಲ. 40 ಕ್ರೇಟ್ ಹಣ್ಣು ಹೇರಿಕೊಂಡು ಬೆಳಗಿನ ಜಾವ ರಾಮನಗರದ ಮಂಡಿಗೆ ಹೊರಟೆ. ದಾರಿಯಲ್ಲಿ ಒಂದು ಏರು. ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತೆ, ಗಾಡಿ ಮುಂದಕ್ಕೆ ಹೋಗಲ್ಲ. ಸುಟ್ಟ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಗಾಡಿ ನಿಂತೇ ಹೋಯ್ತು. ಗೂಡ್ಸ್ ಆಟೋ ಹುಡುಕಿ ಹಣ್ಣು ತುಂಬಿ ಕಳಿಸುವಷ್ಟರಲ್ಲಿ ಹೊತ್ತು ನೆತ್ತಿಗೆ ಬಂದಿತ್ತು. ಮಂಡಿಯಲ್ಲಿ ಬೆಳಗಿನ ವ್ಯಾಪಾರ ಮುಗಿದಿತ್ತು. ಬಿಸಿಲಿಗೆ ಬಾಡಿದ ಹಣ್ಣನ್ನು ಕೇಳಿದ ಬೆಲೆಗೆ ಕೊಟ್ಟು ಬಂದೆ. ವರ್ಷಕ್ಕೊಂದು ಫಸಲು ನಂಬಿದವನಿಗೆ ಇದು ಸಣ್ಣ ನಷ್ಟವಲ್ಲ.

ಜೀಪನ್ನು ಎಳೆಸಿಕೊಂಡು ಇನ್ನೊಬ್ಬ ಹಳೇ ಮೆಕಾನಿಕ್ ಹತ್ತಿರ ಹೋದೆ. ಅವರು ಇನ್ನೂ ಏನೂ ಬಿಚ್ಚಿರಲಿಲ್ಲ. ಪೆಡಲ್ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ, “ಏನ್ ಗೌಡ್ರೇ, ಒಂದು ಚೂರೂ ಜಾಗ ಬಿಟ್ಟಿಲ್ವಲ್ಲ? ಎತ್ತಿನ ಮೂಗುದಾರ ಹಗಲೂ ರಾತ್ರಿ ಜಗ್ಗಿ ಹಿಡಿದ್ರೆ ಮೂಗು ಉಳೀತದಾ?” ಅಂದರು. ಬಿಚ್ಚಿದರೆ ಕ್ಲಚ್ ಪ್ಲೇಟು ಕರಕಲು. ಬೇರಿಂಗು ಕಾದು ನೀಲಿ ಬಣ್ಣಕ್ಕೆ ತಿರುಗಿತ್ತು.

ಜಾಗ ಯಾಕೆ ಬೇಕು?

ಫ್ಲೈವೀಲ್ ಮತ್ತು ಪ್ರೆಷರ್ ಪ್ಲೇಟ್ ನಡುವೆ ಕ್ಲಚ್ ಪ್ಲೇಟನ್ನು ಸ್ಪ್ರಿಂಗುಗಳು ಅದುಮಿ ಹಿಡಿದಿರುತ್ತವೆ. ಪೆಡಲ್ ಒತ್ತಿದಾಗ ಫೋರ್ಕು ಬೇರಿಂಗನ್ನು ತಳ್ಳುತ್ತೆ, ಬೇರಿಂಗು ಪ್ರೆಷರ್ ಪ್ಲೇಟಿನ ಬೆರಳುಗಳನ್ನು ತಳ್ಳುತ್ತೆ, ಹಿಡಿತ ಬಿಡುತ್ತೆ. ಕಾಲು ತೆಗೆದಾಗ ಬೇರಿಂಗು ಬೆರಳುಗಳಿಂದ ದೂರ ನಿಲ್ಲಬೇಕು. ಆ ಸಂದೇ ಪೆಡಲಿನಲ್ಲಿ ನಮಗೆ ಸಿಗುವ ಒಂದಿಂಚು ಸಡಿಲ.

ಸಂದು ಇಲ್ಲದಿದ್ದರೆ ನಾವು ಪೆಡಲ್ ಮೇಲೆ ಸದಾ ಕಾಲಿಟ್ಟ ಹಾಗೆ. ಬೇರಿಂಗು ಬಿಡುವಿಲ್ಲದೆ ಸುತ್ತಿ ಕಾಯುತ್ತೆ. ಹಿಡಿತ ಅರ್ಧಂಬರ್ಧ ಆಗಿ ಪ್ಲೇಟು ಜಾರಿ ಸುಡುತ್ತೆ.

ಇನ್ನೊಂದು ಮಾತು ತುಂಬ ಜನಕ್ಕೆ ಗೊತ್ತಿಲ್ಲ. ಪ್ಲೇಟು ಸವೆದಂತೆ ಪೆಡಲಿನ ಸಡಿಲ ಹೆಚ್ಚೋದಿಲ್ಲ, ಕಮ್ಮಿಯಾಗುತ್ತೆ. ಪ್ಲೇಟು ತೆಳುವಾದರೆ ಪ್ರೆಷರ್ ಪ್ಲೇಟು ಫ್ಲೈವೀಲ್ ಕಡೆ ಸರಿಯುತ್ತೆ, ಅದರ ಬೆರಳುಗಳು ಹಿಂದಕ್ಕೆ ಬೇರಿಂಗಿನ ಕಡೆ ಬರುತ್ತವೆ. ಆದ್ದರಿಂದ ಒಂದು ಸಲ ಸರಿ ಮಾಡಿದರೆ ಸಾಲದು, ಆಗಾಗ ನೋಡುತ್ತಿರಬೇಕು.

ತಪ್ಪು ಎಲ್ಲಿ ಆಗಿತ್ತು?

ಹೊಸ ಇಂಜಿನ್ನನ್ನು ಹಳೇ ಗೇರ್‌ಬಾಕ್ಸಿಗೆ ಸೇರಿಸಲು ನಡುವೆ ಒಂದು ದಪ್ಪ ಅಡಾಪ್ಟರ್ ಪ್ಲೇಟ್ ಹಾಕಿದ್ದರು. ಪ್ರೆಷರ್ ಪ್ಲೇಟೂ ಬೇರೆ. ಅದರ ಹಿಡಿತ ಪೂರ್ತಿ ಬಿಡಲು ಫೋರ್ಕು ಮೊದಲಿಗಿಂತ ಹೆಚ್ಚು ದೂರ ಚಲಿಸಬೇಕಿತ್ತು. ಆದರೆ ಪೆಡಲಿನ ಕೆಳಗಿನ ಶಾಫ್ಟಿನ ಕೈ ಹಳೆಯದೇ, 3 ಇಂಚಿನದು. ಹಿಡಿತ ಬಿಡದೆ ರಿವರ್ಸ್ ಗೇರ್ ಕರಕರ ಅಂದಿದೆ. ಗ್ಯಾರೇಜಿನವರು ಸುಲಭದ ದಾರಿ ಹಿಡಿದು, ರಾಡಿನ ನಟ್ ಬಿಗಿದು ಒಂದಿಂಚು ಸಡಿಲವನ್ನೇ ತಿಂದುಹಾಕಿದ್ದರು. ಗೇರ್ ಸದ್ದು ನಿಂತಿತು, ಪ್ಲೇಟು ಸುಟ್ಟಿತು.

ಹಳೇ ಮೆಕಾನಿಕ್ ಆ ಕೈಯನ್ನು ಅರ್ಧ ಇಂಚು ಉದ್ದ ಮಾಡಿ ಹೊಸ ತೂತು ಹೊಡೆದರು. ಸನ್ನೆಗೋಲಿನ ಲೆಕ್ಕ ಇದು. 3 ಇಂಚು ಮೂರೂವರೆ ಆದರೆ ರಾಡು ಮೊದಲು 6 ನೂಲು ಸರಿಯುತ್ತಿದ್ದಲ್ಲಿ ಈಗ 7 ನೂಲು ಸರಿಯುತ್ತೆ. ಪೆಡಲ್ ಅಷ್ಟೇ ಪಾಲು ಭಾರವಾಗುತ್ತೆ, ಕಾಲಿಗೆ ಅಭ್ಯಾಸವಾಗುತ್ತೆ. ಪ್ಲೇಟು, ಬೇರಿಂಗು, ಕೂಲಿ ಸೇರಿ ಆಗಿನ ಕಾಲಕ್ಕೆ 3,400 ರೂಪಾಯಿ ಆಯ್ತು. ಆ ಪ್ಲೇಟು ಎಂಟು ವರ್ಷ ಬಂತು.

ನಾವೇ ನೋಡೋದು ಹೇಗೆ?

1. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ.

2. ಪೆಡಲ್ ಪಕ್ಕ ಸ್ಕೇಲ್ ಹಿಡಿದು ಕೈಯಲ್ಲೇ ಒತ್ತಿ. ಕಾಲಿಗೆ ಸಡಿಲ ತಿಳಿಯಲ್ಲ. ಹಗುರವಾಗಿ ಎಷ್ಟು ಹೋಗಿ ಬಿಗಿ ಸಿಗುತ್ತೆ ನೋಡಿ. ಇಂಥ ಜೀಪಿಗೆ ಸುಮಾರು ಒಂದಿಂಚು ಇರಬೇಕು.

3. ಫೋರ್ಕಿನ ರಾಡಿನಲ್ಲಿ ಎರಡು ನಟ್ ಇರುತ್ತವೆ. ಚೆಕ್‌ನಟ್ ಸಡಿಲಿಸಿ ಇನ್ನೊಂದನ್ನು ಅರ್ಧ ಅರ್ಧ ಸುತ್ತು ತಿರುಗಿಸಿ. ಪೆಡಲನ್ನು ನಾಲ್ಕೈದು ಸಲ ಒತ್ತಿ ಬಿಟ್ಟು ಮತ್ತೆ ಅಳೆಯಿರಿ. ಸರಿಯಾದ ಮೇಲೆ ಚೆಕ್‌ನಟ್ ಬಿಗಿ ಮಾಡಲು ಮರೆಯಬೇಡಿ.

4. ಇಂಜಿನ್ ಚಾಲು ಮಾಡಿ. ಪೆಡಲ್ ಪೂರ್ತಿ ಒತ್ತಿ, ಐದು ಎಣಿಸಿ ರಿವರ್ಸ್ ಹಾಕಿ. ಸದ್ದಿಲ್ಲದೆ ಬಿದ್ದರೆ ಸರಿ.

5. ಒಂದಿಂಚು ಬಿಟ್ಟಾಗ ಗೇರ್ ಕರಕರ ಅಂದರೆ ಸಡಿಲ ತಿನ್ನಬೇಡಿ. ಕೈಯ ಉದ್ದ, ಸವೆದ ಪಿನ್ನು, ಬಾಗಿದ ಫೋರ್ಕು, ಪೆಡಲ್ ನೆಲಕ್ಕೆ ತಾಗುತ್ತಿದೆಯೋ ಇವನ್ನು ನೋಡಿಸಿ.

ಪೆಡಲ್ ಬಿಡುವಾಗ ಗಾಡಿ ಗಡಗಡ ನಡುಗಿದರೆ ಇಂಜಿನ್ ಕೆಳಗಿನ ರಬ್ಬರುಗಳನ್ನೂ ನೋಡಿ. ಡೀಸೆಲ್ ಇಂಜಿನ್ ಹೆಚ್ಚು ಅಲುಗುತ್ತೆ. ರಬ್ಬರು ಹೋಗಿದ್ದರೆ ಇಂಜಿನ್ ಅಲುಗಿದಾಗೆಲ್ಲ ರಾಡನ್ನೂ ಎಳೆಯುತ್ತೆ.

ಹಳೇ ಕ್ಲಚ್ ಬಿಚ್ಚಿದಾಗ ಒಳಗಿನ ಧೂಳನ್ನು ಬಾಯಲ್ಲಿ ಊದಬೇಡಿ, ಗಾಳಿಯನ್ನೂ ಹೊಡೆಸಬೇಡಿ. ಹಳೇ ಪ್ಲೇಟುಗಳಲ್ಲಿ ಕಲ್ನಾರು ಇರುತ್ತಿತ್ತು, ಶ್ವಾಸಕೋಶಕ್ಕೆ ಕೇಡು. ಒದ್ದೆ ಬಟ್ಟೆಯಲ್ಲಿ ಒರೆಸಿ.

ಇಂಜಿನ್ ಬದಲಿಸುವ ಯೋಚನೆ ಇದ್ದವರು ಮೊದಲು ಆರ್.ಟಿ.ಓ. ಕಚೇರಿಗೆ ಹೋಗಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಅನುಮತಿ ಬೇಕು, ಆರ್.ಸಿ.ಯಲ್ಲಿ ಬದಲಾವಣೆ ದಾಖಲಾಗಬೇಕು.

ಟ್ರ್ಯಾಕ್ಟರ್ ಇರುವವರಿಗೂ ಈ ಮಾತು ಸಲ್ಲುತ್ತೆ. ಅಳತೆ ಮಾತ್ರ ನಿಮ್ಮ ಟ್ರ್ಯಾಕ್ಟರಿನ ಪುಸ್ತಕದಲ್ಲಿ ಇದ್ದಂತೆ ಇರಲಿ. ಉಳುವಾಗ ಪೆಡಲ್ ಮೇಲೆ ಕಾಲಿಟ್ಟುಕೊಂಡು ಕೂರೋ ಚಾಳಿ ಬಿಡಿ.

ಗ್ಯಾರೇಜಿನಿಂದ ಗಾಡಿ ತರುವಾಗ ದುಡ್ಡು ಎಣಿಸುವ ಮೊದಲು ಪೆಡಲ್ ಪಕ್ಕ ಸ್ಕೇಲ್ ಇಡಿ. ನನ್ನ ಮೊಮ್ಮಗನ ಕಂಪಾಸ್ ಬಾಕ್ಸಿನಿಂದ ತೆಗೆದ ಒಂದು ಸ್ಕೇಲು ಈಗಲೂ ಜೀಪಿನಲ್ಲೇ ಇದೆ. ಪ್ರತಿ ವರ್ಷ ಮಾವು ಕೀಳುವ ಮೊದಲು ಅಳೆಯುತ್ತೇನೆ. ಐದು ನಿಮಿಷದ ಕೆಲಸ.