ಮುಖ್ಯ ಗುತ್ತಿಗೆದಾರನ ಸೇವೆ

ಮನೆ ಕಟ್ಟಿಸಿದ ಪಾಲಕರೆಲ್ಲರೂ ಗುತ್ತಿಗೆದಾರನನ್ನು ಬಲ್ಲರು. ಗಾರೆಯವರು, ಬಡಗಿಗಳು, ಕಮ್ಮಾರರು ಇವರೆಲ್ಲರ ಕೆಲಸವನ್ನು ಒಂದು ಕ್ರಮಕ್ಕೆ ತಂದು, ಸಾಮಗ್ರಿಯನ್ನು ವೇಳೆಗೆ ಒದಗಿಸಿ, ಎಲ್ಲಕ್ಕೂ ತಾನೇ ಉತ್ತರವಾದಿಯಾಗುವುದು ಮುಖ್ಯ ಗುತ್ತಿಗೆದಾರನ ಧರ್ಮವು.

ಇದಕ್ಕೆ ನ್ಯೂಯಾರ್ಕಿನ ಸ್ಟಾರೆಟ್ ಬ್ರದರ್ಸ್ ಅಂಡ್ ಎಕೆನ್ ಸಂಸ್ಥೆಯನ್ನು ನಿದರ್ಶನವಾಗಿ ಕೊಡುತ್ತೇವೆ. ಅದರ ಪಾಲುದಾರರಲ್ಲೊಬ್ಬರಾದ ವಿಲಿಯಂ ಸ್ಟಾರೆಟ್ಟರು ಮೊದಲನೆಯ ಮಹಾಯುದ್ಧದಲ್ಲಿ ಕರ್ನಲರಾಗಿದ್ದು, ಅಮೆರಿಕದ ಸೈನ್ಯಕ್ಕೆ ಬೇಕಾದ ಕಟ್ಟಡಗಳ ತುರ್ತು ನಿರ್ಮಾಣದ ಹೊಣೆಯನ್ನು ಹೊತ್ತವರು. ಈ ಸಂಸ್ಥೆಯವರು ಎಂಪೈರ್ ಸ್ಟೇಟ್ ಕಟ್ಟಡದ ಉಕ್ಕಿನ ಕಂಬಗಳನ್ನು ನಿಲ್ಲಿಸತೊಡಗಿದ್ದು 1930ನೆಯ ಮಾರ್ಚ್ 17ರಂದು. 102 ಅಂತಸ್ತುಗಳ, 1,250 ಅಡಿ ಎತ್ತರದ ಆ ಸೌಧವು 1931ನೆಯ ಮೇ 1ರಂದೇ ತೆರೆಯಲ್ಪಟ್ಟಿತು. ವೇಗದ ಗುಟ್ಟು ವ್ಯವಸ್ಥೆಯಲ್ಲಿತ್ತು. ಅಂತಸ್ತುಗಳಲ್ಲಿ ಕಿರಿದಾದ ಹಳಿಗಳ ಮೇಲೆ ಬಂಡಿಗಳು ಓಡಿ ಇಟ್ಟಿಗೆಯನ್ನು ಕೆಲಸಗಾರರ ಕೈಗೆ ಮುಟ್ಟಿಸುತ್ತಿದ್ದವು. ಊಟಕ್ಕಾಗಿ ಕೆಳಗಿಳಿದು ಹೊತ್ತು ಕಳೆಯದಂತೆ ಮೇಲೆಯೇ ಉಪಾಹಾರಗೃಹಗಳಿದ್ದವು.

ಆದರೂ ಅಧಿಕೃತ ಲೆಕ್ಕದಂತೆ ಐವರು ಕೆಲಸಗಾರರು ಅಲ್ಲಿ ಪ್ರಾಣ ತೆತ್ತರು. ದಿನಗಳನ್ನು ಎಣಿಸಿ ಹೊಗಳುವವರು ಇವರನ್ನೂ ಎಣಿಸಬೇಕೆಂಬುದು ನಮ್ಮ ಅಭಿಪ್ರಾಯ. ಕಟ್ಟಡ ಕಟ್ಟಿಸುವ ನಮ್ಮ ಹಳೆಯ ವಿದ್ಯಾರ್ಥಿನಿಯರು ವೆಚ್ಚವನ್ನೂ ಅವಧಿಯನ್ನೂ ವಿಚಾರಿಸುವಾಗ, ಸಾರವೆಯು ಭದ್ರವಾಗಿದೆಯೇ ಎಂದೂ ತಪ್ಪದೆ ವಿಚಾರಿಸಲಿ.