ಮುಂದಿನ ಬಂಪರ್ ಬದಲಸೋ ಮೊದಲು

ಬೈಲಹೊಂಗಲ, ಸವದತ್ತಿ ಕಡೆ ಎರಿ ಹೊಲದ ದಾರಿಗೆ ಥಾರ್, ಬೊಲೆರೊ ಇಳಸೋರು ಕೇಳ್ರಿ. ಮುಂದ ದಪ್ಪ ಕಬ್ಬಿಣದ ಬಂಪರ್ ಹಾಕಸೋ ವಿಚಾರ ಐತೇನು?

(ದೃಶ್ಯ: ಬಂಪರ್ ಬಿಚ್ಚಿದ ಗಾಡಿ)
ಡಿಕ್ಕಿ ಆದಾಗ ಗಾಡಿಯ ಮುಂಭಾಗ ತಾನು ನುಗ್ಗಾಗಿ ಹೊಡೆತ ತಾಳಿಕೋತೈತಿ. ಅಲ್ಲಿ ಬಗ್ಗದ ಕಬ್ಬಿಣ ಕೂಡಿಸಿದ್ರ ಹೊಡೆತ ಸೀದಾ ಚಾಸಿಗೆ, ಅಲ್ಲಿಂದ ಒಳಗ ಕುಂತವರಿಗೆ. ಏರ್‌ಬ್ಯಾಗ್ ಬಿಚ್ಚೋ ಹೊತ್ತೂ ತಪ್ಪಬಹುದು.

ಹೊರಗಿನವರ ಜೀವಾನೂ ನೋಡ್ರಿ. ಎಲ್ಲಮ್ಮನ ಗುಡ್ಡಕ್ಕ ಮಂದಿ ನಡಕೊಂಡು, ಚಕ್ಕಡಿ ಕಟಗೊಂಡು ಹೋಗೋ ರಸ್ತೆ ಇವು. ಕಬ್ಬಿಣದ ಪೈಪು ಬಡಿದ್ರ ಪೆಟ್ಟು ಭಾರಿ.

ಕಾನೂನೂ ಒಪ್ಪೂದಿಲ್ಲ. ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಹಾಕಿದ ಗಾಡಿಗಳ ಮ್ಯಾಲೆ ಕ್ರಮ ತಗೋರಿ ಅಂತ ಕೇಂದ್ರ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಾಗ ರಾಜ್ಯಗಳಿಗೆ ಹೇಳೈತಿ. ಆಧಾರ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ.

(ದೃಶ್ಯ: ಟೈರಿನಿಂದ ಬಂಪರಿಗೆ ಹಿಡಿದ ದಾರ)
ಒಡ್ಡು ಹತ್ತೂವಾಗ ಮೂತಿ ತಾಗತೈತೇನು? ಮುಂದಿನ ಟೈರ್ ನೆಲ ಮುಟ್ಟೋ ಜಾಗದಿಂದ ಬಂಪರಿನ ಕೆಳತುದಿಗೆ ದಾರ ಹಿಡೀರಿ. ದಾರದ ಏರು ಎಷ್ಟೋ, ಅಷ್ಟೇ ಕಡಿದಾದ ಒಡ್ಡು ಹತ್ತಬಹುದು. ಭಾರದ ಬಂಪರ್ ಹಾಕಿ ಸ್ಪ್ರಿಂಗ್ ಕುಗ್ಗಿದ್ರ ಆ ಏರು ಕಡಿಮಿ ಆಗತೈತಿ, ಎರಿ ರಾಡಿಯಾಗ ಮುಂದಿನ ಗಾಲಿ ಇನ್ನಷ್ಟು ಹೂತಕೋತಾವ.

ರಾಡಿಯಾಗ ಸಿಕ್ಕ್ರ ಹಗ್ಗಾ ಬಂಪರಿಗೆ ಕಟ್ಟಬ್ಯಾಡ್ರಿ. ಕಂಪನಿ ಕೊಟ್ಟ ಹುಕ್ಕಿಗೇ ಕಟ್ರಿ.

ಬಂಪರ್ ಒಡೆದಿದ್ರ ಕಂಪನಿದೇ ಹಾಕಸ್ರಿ. ಉಳಿದ ರೊಕ್ಕಾ ರಾಡಿಗೆ ಹಿಡಿಯೋ ಟೈರಿಗೆ ಹಾಕ್ರಿ. ಮನಿ ಮಂದಿನ ಕುಂಡ್ರಿಸಿಕೊಂಡು ಹೋಗೋ ಗಾಡಿ, ಮೊದಲು ಅವರ ಜೀವ ನೋಡ್ರಿ.